ಹಲ್ಲಿನ ಹುಳ

ಮಗಳಿಗೆ ಆರು ವರ್ಷ. ಅವಳ ಒಂದು ದವಡೆ ಹಲ್ಲು ಕಪ್ಪಾಗಿದ್ದು ನನಗೆ ಮೂರು ತಿಂಗಳಿಂದ ಗೊತ್ತಿತ್ತು. "ಹಾಲುಹಲ್ಲು ತಾನೇ, ಬಿದ್ದೋಗುತ್ತೆ ಬಿಡು" ಅಂತ ಊರಿಂದ ಅಮ್ಮ ಫೋನಿನಲ್ಲಿ ಅಂದಳು. ನನಗೂ ಆಫೀಸಿನಲ್ಲಿ ಕೆಲಸದ ಒತ್ತಡ, ಬಿಟ್ಟೆ. ಒಂದು ದಿನ ಬೆಳಿಗ್ಗೆ ನೋಡ್ತೀನಿ, ಮಗುವಿನ ಕೆನ್ನೆ ಬನ್ನಿನ ಹಾಗೆ ಊದಿದೆ, ಮೈ ಸುಡ್ತಿದೆ.

ಡಾಕ್ಟರು ಎಕ್ಸ್‌ರೇ ತೋರಿಸಿದರು. "ಬೇರಿನ ಹತ್ತಿರ ಕೀವು ತುಂಬಿದೆ. ಈ ಹಲ್ಲು ತಾನಾಗಿ ಬೀಳೋದು ಹತ್ತು ಹನ್ನೊಂದನೇ ವರ್ಷಕ್ಕೆ. ಇದರ ಕೆಳಗೇ ಹೊಸ ಹಲ್ಲು ಬೆಳೀತಿದೆ ನೋಡಿ, ಸೋಂಕು ಹೀಗೇ ಬಿಟ್ಟರೆ ಅದಕ್ಕೂ ಪೆಟ್ಟು. ಮೊದಲು ಕೀವು ಇಳಿಸಿ, ಆಮೇಲೆ ರೂಟ್ ಕೆನಾಲ್ ಮಾಡೋಣ." ಹಾಲುಹಲ್ಲಿಗೂ ರೂಟ್ ಕೆನಾಲ್ ಇದೆ ಅಂತ ನನಗೆ ಗೊತ್ತಾಗಿದ್ದೇ ಅವತ್ತು. ಆ ರಾತ್ರಿ ಮಗು ಮಲಗಿದ ಮೇಲೆ ಇದರ ಚರಿತ್ರೆ ಹುಡುಕುತ್ತಾ ಕೂತೆ. ತಪ್ಪು ಮಾಡಿದವನಿಗೆ ನಿದ್ದೆ ಎಲ್ಲಿ ಬರುತ್ತೆ?

ನನ್ನ ಹಲ್ಲಿನ ಚರಿತ್ರೆ ಶುರುವಾಗೋದು ಪಕ್ಕದೂರಿನ ಒಂದು ಜಗಲಿಯಿಂದ. ಎಂಟು ವರ್ಷದವನಾಗಿದ್ದಾಗ ಅಜ್ಜಿ ನನ್ನನ್ನು 'ಹಲ್ಲಿನ ಹುಳ ತೆಗೆಯೋ' ಹೆಂಗಸಿನ ಹತ್ತಿರ ಕರೆದುಕೊಂಡು ಹೋಗಿದ್ದಳು. ಆಕೆ ಕೆಂಡದ ಮೇಲೆ ನೆಲಗುಳ್ಳದ ಬೀಜ ಹಾಕಿ, ತೆಂಗಿನ ಕರಟ ಮುಚ್ಚಿ, ಪರಂಗಿ ಎಲೆಯ ಟೊಳ್ಳು ದಂಟಿನಿಂದ ಹೊಗೆಯನ್ನು ನನ್ನ ಬಾಯಿಗೆ ಬಿಟ್ಟಳು. ನೀರಿದ್ದ ತಟ್ಟೆಗೆ ಉಗುಳು ಅಂದಳು. ಉಗುಳಿದೆ. ನೀರಿನಲ್ಲಿ ದಾರದ ಎಳೆಯಂಥ ಬಿಳಿ ಬಿಳಿ ಏನೋ ತೇಲುತ್ತಿತ್ತು. "ನೋಡಪ್ಪಾ ಹುಳ!" ಅಂದಳು ಅಜ್ಜಿ. ನೋವು ಎರಡು ದಿನ ಕಡಿಮೆಯಾಯಿತು, ಮೂರನೇ ದಿನ ವಾಪಸ್ ಬಂತು. ಕೊನೆಗೆ ಆ ಹಲ್ಲು ಕೀಳಿಸಿದ್ದಾಯಿತು.

ಅಜ್ಜಿಯನ್ನು ನೋಡಿ ನಗುವ ಹಾಗಿಲ್ಲ. ಕೊಳೆತ ಹಲ್ಲಿಗೆ ಕನ್ನಡ 'ಹುಳುಕು' ಅನ್ನುತ್ತೆ, ಆ ಮಾತಿನೊಳಗೇ ಹುಳ ಕೂತಿದೆ. ಸುಶ್ರುತ ಸಂಹಿತೆಯಲ್ಲಿ ಈ ರೋಗದ ಹೆಸರು 'ಕೃಮಿದಂತಕ'. ಬ್ಯಾಬಿಲೋನಿಯಾದ ಮಣ್ಣಿನ ಹಲಗೆಯೊಂದರಲ್ಲಿ, ದೇವರು ಹಣ್ಣು ಕೊಡ್ತೀನಿ ಅಂದರೂ ಬೇಡ ಅಂದು ಮನುಷ್ಯನ ಹಲ್ಲು ಒಸಡಿನ ನಡುವೆಯೇ ಮನೆ ಕೇಳಿದ ಹುಳದ ಕಥೆಯಿದೆ. ಇಂಗ್ಲೆಂಡಿನಲ್ಲೂ ಬೀಜದ ಹೊಗೆ ಕೊಡುತ್ತಿದ್ದರು. ಅಲ್ಲಿನ ಮೂಲಿಕೆ ಪಂಡಿತ ಜಾನ್ ಜೆರಾರ್ಡ್ 1597ರ ತನ್ನ ಪುಸ್ತಕದಲ್ಲಿ ಗುಟ್ಟು ಬಿಚ್ಚಿಟ್ಟಿದ್ದಾನೆ: ಹಲ್ಲು ಕೀಳುವವರು ವಾದ್ಯದ ತಂತಿಯ ತುಂಡುಗಳನ್ನು ನೀರಿಗೆ ಸೇರಿಸಿ ಹುಳ ಅಂತ ತೋರಿಸುತ್ತಿದ್ದರಂತೆ. ಅದನ್ನು ಓದಿದಾಗ ನನ್ನ ತಟ್ಟೆ ಕಣ್ಣಮುಂದೆ ಬಂತು.

ಪ್ಯಾರಿಸ್ಸಿನ ದಂತವೈದ್ಯ ಪಿಯರ್ ಫೋಷಾರ್ 1728ರಲ್ಲಿ ಬರೆದ ಗ್ರಂಥದಲ್ಲಿ, ಸೂಕ್ಷ್ಮದರ್ಶಕದಲ್ಲಿ ನೋಡಿದರೂ ನನಗೆ ಹುಳ ಸಿಗಲಿಲ್ಲ ಅಂದ. ತಮಾಷೆ ಏನಂದ್ರೆ, ಅದಕ್ಕೂ ಮೊದಲೇ, 1683ರಲ್ಲಿ, ಡೆಲ್ಫ್ಟಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ತನ್ನದೇ ಹಲ್ಲಿನ ಕೊಳೆ ಕೆರೆದು ನೋಡಿ, ಅದರಲ್ಲಿ ಓಡಾಡುವ ಪುಟ್ಟ ಜೀವಿಗಳನ್ನು ಕಂಡಿದ್ದ. ಆ ಜೀವಿಗಳಿಗೂ ಹಲ್ಲಿನ ಹುಳುಕಿಗೂ ಇರುವ ನಂಟು ಬಿಚ್ಚಲು ಇನ್ನೂರು ವರ್ಷ ಬೇಕಾಯಿತು. ಬರ್ಲಿನ್ನಿನಲ್ಲಿದ್ದ ಅಮೆರಿಕನ್ ದಂತವೈದ್ಯ ವಿಲಬಿ ಮಿಲ್ಲರ್ 1890ರ ಪುಸ್ತಕದಲ್ಲಿ ವಿವರಿಸಿದ: ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆ, ಪಿಷ್ಟವನ್ನು ಆಮ್ಲ ಮಾಡುತ್ತವೆ, ಆಮ್ಲ ಹಲ್ಲನ್ನು ಕರಗಿಸುತ್ತದೆ. ಅಂದರೆ ಒಳಗೆ ಏನೋ ಜೀವ ಇದೆ ಅಂದಿದ್ದರಲ್ಲಿ ಅಜ್ಜಿ ಸರಿ. ತಟ್ಟೆಯಲ್ಲಿ ತೇಲಿದ್ದು ಮಾತ್ರ ಸುಳ್ಳು.

ಹುಳುಕು ಒಳಗಿನ ತಿರುಳು ಮುಟ್ಟಿದರೆ ಕಷ್ಟ ಶುರು. ನರ, ರಕ್ತನಾಳ ಎಲ್ಲ ಇರುವುದು ಅಲ್ಲೇ. ಸುತ್ತ ಗಟ್ಟಿ ಗೋಡೆ, ಊದಿಕೊಳ್ಳಲು ಜಾಗ ಇಲ್ಲ. ಅದಕ್ಕೇ ಆ ಪರಿ ನೋವು. ತಿರುಳು ಸತ್ತರೆ ನೋವು ನಿಲ್ಲಬಹುದು, ನಾವು ವಾಸಿಯಾಯ್ತು ಅಂದುಕೊಳ್ಳುತ್ತೇವೆ. ಸೋಂಕು ಸದ್ದಿಲ್ಲದೆ ಬೇರಿನ ತುದಿಗೆ ಇಳಿದಿರುತ್ತದೆ. ನನ್ನ ಮಗಳೂ ಕಪ್ಪು ಹಲ್ಲಿಟ್ಟುಕೊಂಡು ಮೂರು ತಿಂಗಳು ಆಡಿಕೊಂಡೇ ಇದ್ದಳು.

ಕೀಳದೆ ಉಳಿಸಬೇಕಾದರೆ ಕೂದಲಿನಷ್ಟು ಸಣ್ಣ ನಾಳದೊಳಗೆ ಕೈಯಾಡಿಸಬೇಕು. 1838ರಲ್ಲಿ ವಾಷಿಂಗ್ಟನ್ನಿನ ಎಡ್ವರ್ಡ್ ಮೇನಾರ್ಡ್ ಗಡಿಯಾರದ ಸ್ಪ್ರಿಂಗನ್ನು ಅರದಿಂದ ಉಜ್ಜಿ ಅದಕ್ಕೊಂದು ಸಲಕರಣೆ ಮಾಡಿಕೊಂಡ. ತೊಳೆದ ನಾಳವನ್ನು ಮುಚ್ಚಲು ಸಿಕ್ಕಿದ್ದು ಮಲಯಾ ಕಡೆಯ ಮರದ ಹಾಲಿನಿಂದ ಬರುವ ಗಟಾಪರ್ಚ. ಬಿಸಿ ಮಾಡಿದರೆ ಮೆತ್ತಗೆ, ಆರಿದರೆ ಗಟ್ಟಿ, ನೀರು ಒಳಗೆ ಬಿಡದು. ಸಮುದ್ರದಡಿಯ ಟೆಲಿಗ್ರಾಫ್ ತಂತಿಗಳಿಗೆ ಹೊದಿಸಿದ್ದೂ ಇದನ್ನೇ. 1870ರಲ್ಲಿ ಮುಂಬಯಿಗೆ ಬಂದ ಕೇಬಲ್ಲಿಗೂ ಇದೇ ಹೊದಿಕೆ. ಇವತ್ತು ನಾನು ಕೂತಲ್ಲಿಂದಲೇ ಅಮೆರಿಕದ ಸರ್ವರ್ ರಿಪೇರಿ ಮಾಡುವ ಕೆಲಸದ ಮುತ್ತಾತ ಆ ತಂತಿ. ತಂತಿಯಿಂದ ಗಟಾಪರ್ಚ ಎಂದೋ ಮಾಯವಾಯಿತು, ದೊಡ್ಡವರ ಹಲ್ಲಿನ ಬೇರಿನಲ್ಲಿ ಇನ್ನೂ ಇದೆ.

ದಾರಿ ನೇರವಾಗಿ ಮಾತ್ರ ಸಾಗಲಿಲ್ಲ. 1910ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಹಂಟರ್, ಬಂಗಾರದ ಕವಚದಡಿ ಕೊಳೆಯುವ ಹಲ್ಲುಗಳೇ ಎಷ್ಟೋ ಕಾಯಿಲೆಗಳ ಮೂಲ ಅಂತ ಭಾಷಣ ಮಾಡಿದ. ಮಾತಿನಲ್ಲಿ ಸ್ವಲ್ಪ ನಿಜವಿತ್ತು, ಹೆದರಿಕೆ ಅದಕ್ಕಿಂತ ದೊಡ್ಡದಾಯಿತು. ಕೀಲುನೋವಿಗೂ ಹಲ್ಲು ಕಿತ್ತರು, ಉಳಿಯಬಹುದಾಗಿದ್ದ ಹಲ್ಲುಗಳು ರಾಶಿರಾಶಿಯಾಗಿ ಹೋದವು. ಮೂಲ ಯಾವುದು ಅನ್ನೋದಕ್ಕೆ ಒಳ್ಳೆ ಸಾಕ್ಷಿ ಸಿಕ್ಕಿದ್ದು 1965ರಲ್ಲಿ. ಕಾಕೆಹಾಶಿ ಮತ್ತು ಜೊತೆಗಾರರು ಎರಡು ಗುಂಪಿನ ಇಲಿಗಳ ಹಲ್ಲು ಕೊರೆದು ತಿರುಳು ತೆರೆದಿಟ್ಟರು. ಮಾಮೂಲಿ ಇಲಿಗಳಲ್ಲಿ ತಿರುಳು ಕೊಳೆತು ಕೀವಾಯಿತು. ಬ್ಯಾಕ್ಟೀರಿಯಾ ಸೋಕದಂತೆ ಬೆಳೆಸಿದ ಇಲಿಗಳಲ್ಲಿ, ಆಹಾರ ಒಳಗೆ ತುಂಬಿಕೊಂಡರೂ, ಗಾಯ ತಾನೇ ಮಾಯಿತು. ಸಾವಿರಾರು ವರ್ಷದ ಹುಳ ಕೊನೆಗೂ ಸಿಕ್ಕಿಬಿತ್ತು.

ಮಗಳ ಹಲ್ಲಿಗೆ ಗಟಾಪರ್ಚ ಹಾಕಲಿಲ್ಲ. ಹೊಸ ಹಲ್ಲು ಮೇಲೆ ಬರುವಾಗ ಹಾಲುಹಲ್ಲಿನ ಬೇರು ಕರಗಬೇಕು, ತುಂಬಿದ್ದೂ ಜೊತೆಗೆ ಕರಗಬೇಕು. ಅದಕ್ಕೆ ಸತುವಿನ ಆಕ್ಸೈಡ್ ಪುಡಿಯನ್ನು ಯುಜಿನಾಲ್ ಎಂಬ ಎಣ್ಣೆಯಲ್ಲಿ ಕಲಸಿ ತುಂಬಿದರು. ಡಬ್ಬಿ ತೆರೆದ ಕೂಡಲೇ ರೂಮಿನ ತುಂಬ ವಾಸನೆ. ಎಲ್ಲೋ ಕಂಡಂಥ ವಾಸನೆ. ಯುಜಿನಾಲ್ ಅಂದ್ರೆ ಲವಂಗದೆಣ್ಣೆಯ ಸತ್ವ. ಹಲ್ಲುನೋವು ಬಂದಾಗೆಲ್ಲ ಅಜ್ಜಿ ಸೆರಗಿನ ಗಂಟಿನಿಂದ ತೆಗೆದು ಕಚ್ಚಿಸುತ್ತಿದ್ದಳಲ್ಲ, ಅದೇ ಲವಂಗ.

ಸಂಜೆ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ, "ನಿನ್ ತಂಗಿ ಮಗನಿಗೂ ಒಂದು ಹಲ್ಲು ಕಪ್ಪಾಗೈತೆ ಕಣೋ" ಅಂದಳು. ಈ ಶನಿವಾರ ಅವನನ್ನೂ ಕರೆದುಕೊಂಡು ಬರೋಕೆ ಊರಿಗೆ ಹೊರಟಿದ್ದೀನಿ.