ಐವತ್ತು ಅಂಗುಲದ ಲೆಕ್ಕ

ಎತ್ತಿನ ಗಾಡಿ ಹೋದ ಮಣ್ಣಿನ ದಾರಿಯಲ್ಲಿ ಎರಡು ಜಾಡುಗಳು ಮೂಡುತ್ತವೆ. ಒಂದು ಜಾಡಿನ ನಡುವಿನಿಂದ ಇನ್ನೊಂದರ ನಡುವಿಗೆ ಇರುವ ದೂರವೇ ಮೋಟಾರು ಪರಿಭಾಷೆಯಲ್ಲಿ ‘ಟ್ರ್ಯಾಕ್’. ನೋಡಲು ಇದು ಸಣ್ಣ ಸಂಗತಿ. ಆದರೆ ಹಳೆಯ ಸ್ಪೋರ್ಟ್ಸ್ ಕಾರೊಂದು ಕಾರ್ಖಾನೆಯಿಂದ ಬಂದಂತೆಯೇ ಉಳಿದಿದೆಯೇ ಎಂಬುದಕ್ಕೆ ಇದು ಒಳ್ಳೆಯ ಸಾಕ್ಷಿ. ಇಂಗ್ಲೆಂಡಿನ ಜಾಗ್ವಾರ್ ಇ-ಟೈಪ್ ಇದಕ್ಕೊಂದು ಉದಾಹರಣೆ.

ಕೊವೆಂಟ್ರಿಯಲ್ಲಿ ತಯಾರಾದ ಈ ಕಾರು 1961ರ ಮಾರ್ಚ್‌ನಲ್ಲಿ ಜಿನೀವಾದಲ್ಲಿ ಮೊದಲ ಬಾರಿಗೆ ಜನರ ಕಣ್ಣಿಗೆ ಬಿತ್ತು. ಅದರ ಮೈಕಟ್ಟು ರೂಪಿಸಿದ ಮಾಲ್ಕಂ ಸೇಯರ್ ಮೊದಲು ವಿಮಾನ ಕಂಪೆನಿಯಲ್ಲಿ ದುಡಿದವರು. ಗಾಳಿಯನ್ನು ಸೀಳಿಕೊಂಡು ಹೋಗಲೆಂದು ರೂಪಿಸಿದ ಆ ಮೈಯ ಅಗಲ ಸುಮಾರು 65 ಅಂಗುಲ. ಟ್ರ್ಯಾಕ್ ಮಾತ್ರ 50 ಅಂಗುಲ. ಹಿಂದಿನಿಂದ ನೋಡಿದರೆ ಚಕ್ರಗಳು ಮೈಯ ಅಡಿಗೆ ಸರಿದಂತೆ ಕಾಣುತ್ತವೆ.

ಹತ್ತು ವರ್ಷಗಳ ನಂತರ, 1971ರಲ್ಲಿ, ಇದೇ ಕಾರಿಗೆ ಹನ್ನೆರಡು ಸಿಲಿಂಡರಿನ 5.3 ಲೀಟರ್ ಎಂಜಿನ್ ಬಂತು. ಜೊತೆಗೇ ಟ್ರ್ಯಾಕ್ ಮುಂದೆ ಸುಮಾರು 54, ಹಿಂದೆ 53 ಅಂಗುಲಕ್ಕೆ ಹಿಗ್ಗಿತು. ಚಕ್ರದ ಮೇಲಿನ ಅಂಚುಗಳು ಹೊರಚಾಚಿದವು. ತಿರುವಿನಲ್ಲಿ ಕಾರಿನ ಭಾರ ಹೊರಬದಿಯ ಚಕ್ರಗಳತ್ತ ವಾಲುತ್ತದೆ. ಟ್ರ್ಯಾಕ್ ಅಗಲವಾದಷ್ಟೂ ಈ ವಾಲುವಿಕೆ ಕಡಿಮೆ. ಉಳಿದುದೆಲ್ಲ ಒಂದೇ ಆಗಿದ್ದರೆ, 50 ಇದ್ದದ್ದು 54 ಆದಾಗ ಹೀಗೆ ಸರಿಯುವ ಭಾರ ಶೇಕಡಾ 7ರಷ್ಟು ತಗ್ಗುತ್ತದೆ.

ಇದನ್ನು ಅಳೆಯುವುದು ಹೇಗೆ? ಟೈರಿನ ನಟ್ಟನಡುವನ್ನು ಗುರುತಿಸುವುದು ಕಷ್ಟ. ಅದಕ್ಕಾಗಿ ಎಡ ಟೈರಿನ ಹೊರ ಅಂಚಿನಿಂದ ಬಲ ಟೈರಿನ ಒಳ ಅಂಚಿನವರೆಗೆ ಅಳೆಯುತ್ತಾರೆ. ಎರಡೂ ಟೈರುಗಳ ಅಗಲ ಒಂದೇ ಆಗಿದ್ದರೆ ಇದು ನಡುವಿನಿಂದ ನಡುವಿಗೆ ಇರುವ ದೂರಕ್ಕೆ ಸಮ. ಚಕ್ರಗಳು ತುಸು ಒಳಮುಖವಾಗಿಯೋ ಹೊರಮುಖವಾಗಿಯೋ ಇರುವುದರಿಂದ ಟೈರಿನ ಮುಂದೊಮ್ಮೆ, ಹಿಂದೊಮ್ಮೆ ಅಳೆದು ಸರಾಸರಿ ತೆಗೆಯಬೇಕು. ಗಾರೆ ಕೆಲಸದವರ ತೂಕದ ಗುಂಡು ಇಳಿಬಿಟ್ಟು, ಸಮತಟ್ಟಾದ ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಮಾಡಿಕೊಂಡರೆ ಸಾಕು.

ಇನ್ನೊಂದು ಎಚ್ಚರಿಕೆಯೂ ಬೇಕು. ಇ-ಟೈಪಿನ ನಾಲ್ಕೂ ಚಕ್ರಗಳು ಪ್ರತ್ಯೇಕವಾಗಿ ಏರಿಳಿಯುತ್ತವೆ. ಜಾಕಿನ ಮೇಲೆ ಎತ್ತಿ ಇಳಿಸಿದ ಕೂಡಲೇ ಅಳೆದರೆ ಲೆಕ್ಕ ತಪ್ಪುತ್ತದೆ. ಕಾರನ್ನು ಹಿಂದೆ ಮುಂದೆ ಉರುಳಿಸಿ, ಸ್ಪ್ರಿಂಗುಗಳು ನೆಲೆಗೆ ಬಂದ ಮೇಲೆ ಟೇಪು ಹಿಡಿಯಬೇಕು.

ಇಷ್ಟೆಲ್ಲ ತಾಪತ್ರಯ ಏಕೆ? ಈ ಕಾರಿನ ತಯಾರಿಕೆ 1970ರ ದಶಕದ ನಡುಭಾಗದಲ್ಲೇ ನಿಂತಿತು. ಉಳಿದವುಗಳಲ್ಲಿ ಎಷ್ಟೋ ಕೈ ಬದಲಾಯಿಸಿದವುಗಳಿವೆ. ಅಂದಕ್ಕೆಂದು ಯಾರಾದರೂ ಅಗಲ ಚಕ್ರ ತೊಡಿಸಿದ್ದರೆ ಬೇರಿಂಗಿನ ಮೇಲೆ ಹೊರೆ ಹೆಚ್ಚುತ್ತದೆ, ಟೈರು ಮೈಗೆ ಉಜ್ಜಬಹುದು. ಅಪಘಾತದಲ್ಲಿ ಬಾಗಿದ ಚೌಕಟ್ಟು ಹೊಳೆಯುವ ಬಣ್ಣದ ಅಡಿಯಲ್ಲಿ ಅಡಗಿರಲೂಬಹುದು. 1961ರ ಕಾರೆಂದು ಮಾರಾಟಕ್ಕಿಟ್ಟ ಕಾರಿನ ಟ್ರ್ಯಾಕ್ ಎರಡು ಮೂರು ಅಂಗುಲ ಹೆಚ್ಚಿದ್ದರೆ ಕೊಳ್ಳುವವರು ಕಾರಣ ಕೇಳಲೇಬೇಕು. ಬಣ್ಣ ಹೇಳದ ಮಾತನ್ನು ಟೇಪು ಹೇಳುತ್ತದೆ.