ಎರ್ರಮಲ ಬೆಟ್ಟದ ಗವಿಗಳ ದಾರಿಯಲ್ಲಿ

ಕರ್ನಾಟಕದಲ್ಲಿರಲಿ, ಗಡಿಯಾಚೆ ನಮ್ಮ ಆದೋನಿ ಸೀಮೆಯಲ್ಲಿರಲಿ, ಬಹಳಷ್ಟು ಮನೆಗಳ ಅಡುಗೆಕೋಣೆಯಲ್ಲಿ ಕಪ್ಪನೆಯ ಕಲ್ಲುಹಾಸೊಂದು ಇದ್ದೇ ಇರುತ್ತದೆ. ನಾವೆಲ್ಲ ಅದನ್ನು ಕಡಪ ಕಲ್ಲು ಎನ್ನುತ್ತೇವೆ. ಅದರ ಮೇಲೆ ನಿಂಬೆರಸವೋ ಹುಣಸೆಹುಳಿಯೋ ಚೆಲ್ಲಿ, ಒರೆಸದೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಬಿಳಿಚಿಕೊಂಡ ಕಲೆ ಮೂಡಿರುತ್ತದೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಮನೆಯವರಿಗೆ ಇದು ಬೇಸರದ ಸಂಗತಿ. ಮೇಷ್ಟ್ರಾದ ನಮಗೆ ಮಾತ್ರ ಇದೊಂದು ಒಳ್ಳೆಯ ಪಾಠ! ಅದು ಕಲೆಯಲ್ಲ, ಕಲ್ಲು ಸ್ವಲ್ಪ ಕರಗಿರುವ ಗುರುತು. ಕಡಪ ಕಲ್ಲು ಎಂದರೆ ಸುಣ್ಣಕಲ್ಲು. ಹುಳಿ ತಾಗಿದರೆ ಅದು ಕರಗಲೇಬೇಕು.

ಒಂದು ರಾತ್ರಿಯಲ್ಲಿ ನಿಂಬೆರಸ ಮಾಡುವ ಕೆಲಸವನ್ನು ಮಳೆನೀರು ಲಕ್ಷಾಂತರ ವರ್ಷ ಮಾಡಿದರೆ ಏನಾಗುತ್ತದೆ? ಅದನ್ನು ಕಣ್ಣಾರೆ ನೋಡಬೇಕೆಂದರೆ ಎರ್ರಮಲ ಬೆಟ್ಟಗಳಲ್ಲಿ ನಡೆಯಬೇಕು.

ಎರ್ರಮಲ ಎಂದರೆ ಕೆಂಪು ಮಲೆ. ತೆಲುಗಿನ ‘ಮಲ’ ನಮ್ಮ ಮಲೆನಾಡಿನ ‘ಮಲೆ’ಯೇ. ಕುಂದೂ ನದಿಯ ಬಯಲಿಗೆ ಪೂರ್ವದಲ್ಲಿ ನಲ್ಲಮಲ, ಅಂದರೆ ಕಪ್ಪು ಮಲೆ. ಪಶ್ಚಿಮದಲ್ಲಿ ಈ ಎರ್ರಮಲ. ಬೇತಂಚರ್ಲ, ಬನಗಾನಪಲ್ಲಿ, ಯಾಗಂಟಿ ಎಲ್ಲವೂ ಈ ಸಾಲಿನ ಆಸುಪಾಸಿನಲ್ಲಿವೆ. ಮೊದಲು ಕರ್ನೂಲು ಜಿಲ್ಲೆಯಲ್ಲಿದ್ದ ಈ ಊರುಗಳು 2022ರ ಏಪ್ರಿಲ್‌ನಲ್ಲಿ ಹೊಸ ನಂದ್ಯಾಲ ಜಿಲ್ಲೆಗೆ ಸೇರಿದವು. ನಮ್ಮ ಆದೋನಿ 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು, ಆಮೇಲೆ ಆಂಧ್ರಕ್ಕೆ ಬಂತು. ಜಿಲ್ಲೆಗಳ ಗೆರೆಗಳು ಹೀಗೆ ಬದಲಾಗುತ್ತಲೇ ಇರುತ್ತವೆ. ಕಲ್ಲಿನ ಗೆರೆ ಮಾತ್ರ ಬದಲಾಗುವುದಿಲ್ಲ. ಆದೋನಿಯ ಕೋಟೆಬೆಟ್ಟ ಗ್ರಾನೈಟ್ ಬಂಡೆಗಳ ರಾಶಿ. ಗುಂತಕಲ್ಲಿನಿಂದ ಡೋಣ್ ಮೇಲೆ ನಂದ್ಯಾಲದ ಕಡೆಗೆ ರೈಲಿನಲ್ಲಿ ಹೋಗುವಾಗ ಕಿಟಕಿಯ ಪಕ್ಕ ಕುಳಿತು ನೋಡಿ. ದುಂಡು ಬಂಡೆಗಳು ಹಿಂದೆ ಸರಿದು, ಬೇತಂಚರ್ಲ ಬರುವಷ್ಟರಲ್ಲಿ ಪುಸ್ತಕಗಳನ್ನು ಒಂದರ ಮೇಲೊಂದು ಜೋಡಿಸಿಟ್ಟಂತಹ ಪದರುಗಲ್ಲು ಕಾಣತೊಡಗುತ್ತದೆ.

ಬೆಟ್ಟದ ಕಟ್ಟಡ

ಈ ಸುಣ್ಣಕಲ್ಲಿಗೆ ಭೂವಿಜ್ಞಾನಿಗಳು ‘ನಾರ್ಜಿ ಸುಣ್ಣಕಲ್ಲು’ ಎಂದು ಹೆಸರಿಟ್ಟಿದ್ದಾರೆ. ನಾರ್ಜಿ ಕಡಪ ಜಿಲ್ಲೆಯ ಒಂದು ಹಳ್ಳಿ. ಒಂದು ಕಾಲದಲ್ಲಿ ಇಲ್ಲಿದ್ದ ಸಮುದ್ರದ ತಳದಲ್ಲಿ ಪದರು ಪದರಾಗಿ ಕುಳಿತ ಸುಣ್ಣದ ಕೆಸರೇ ಗಟ್ಟಿಯಾಗಿ ಈ ಕಲ್ಲಾಯಿತು. ಇದರ ವಯಸ್ಸು 50 ಕೋಟಿ ವರ್ಷಕ್ಕೂ ಹೆಚ್ಚು. ಸಮುದ್ರದ ಕಲ್ಲು ಎಂದು ಹೇಳಿದ ಕೂಡಲೇ ಮಕ್ಕಳು ಶಂಖ, ಚಿಪ್ಪು ಹುಡುಕಲು ಹೊರಡುತ್ತಾರೆ. ಒಂದೂ ಸಿಗುವುದಿಲ್ಲ. ಚಿಪ್ಪು ಹೊತ್ತ ಜೀವಿಗಳು ಹುಟ್ಟುವುದಕ್ಕೆ ಮೊದಲೇ ಈ ಕಲ್ಲು ಹುಟ್ಟಿತ್ತು!

ಹಲವು ಕಡೆ ಸುಣ್ಣಕಲ್ಲಿನ ನೆತ್ತಿಯ ಮೇಲೆ ಕ್ವಾರ್ಟ್ಜೈಟ್ ಎಂಬ ಗಟ್ಟಿ ಕಲ್ಲಿನ ಟೊಪ್ಪಿಗೆ ಇದೆ. ಅದು ಹುಳಿಗೆ ಜಗ್ಗುವುದಿಲ್ಲ. ಮಳೆನೀರು ಅದರ ಬಿರುಕುಗಳಲ್ಲಿ ಇಳಿಯುತ್ತದೆ. ಗಾಳಿಯಿಂದ, ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಬಂದ ಆ ನೀರು ಸ್ವಲ್ಪ ಹುಳಿಯಾಗಿರುತ್ತದೆ. ಕೆಳಗಿನ ಸುಣ್ಣಕಲ್ಲನ್ನು ಅದು ನಿಧಾನವಾಗಿ ಕರಗಿಸಿ ಬಿರುಕನ್ನು ಸಂದಿಯಾಗಿ, ಸಂದಿಯನ್ನು ಗವಿಯಾಗಿ ಮಾಡುತ್ತದೆ. ಕೊನೆಗೆ ಬೆಟ್ಟದ ಬುಡದಲ್ಲಿ ಒಸರಾಗಿ ಹೊರಬರುತ್ತದೆ.

ಯಾಗಂಟಿಯ ಪುಷ್ಕರಣಿಯಲ್ಲಿ ನಂದಿಯ ಬಾಯಿಂದ ಬೀಳುವ ನೀರು ಇಂಥದ್ದೇ. ಸುತ್ತ ಬೇಸಿಗೆ ಸುಡುತ್ತಿರುವಾಗಲೂ ಅಲ್ಲಿ ನೀರಿರುತ್ತದೆ. ವಿಜಯನಗರದ ಅರಸರ ಕಾಲದ ಉಮಾಮಹೇಶ್ವರ ದೇವಸ್ಥಾನ ಬೇರೆಲ್ಲೂ ಅಲ್ಲದೆ ಇಲ್ಲೇ ಎದ್ದದ್ದು ಏಕೆ ಎಂದು ಯಾರಾದರೂ ಕೇಳಿದರೆ, ಮೊದಲು ಆ ಒಸರನ್ನು ತೋರಿಸಬೇಕು. ದೇವಸ್ಥಾನದ ಪಕ್ಕದಿಂದ ಕಡಿದಾದ ಮೆಟ್ಟಿಲು ಹತ್ತಿದರೆ ಅಗಸ್ತ್ಯರ ಗವಿ. ಅಲ್ಲೇ ವೆಂಕಟೇಶ್ವರನ ಗವಿ, ವೀರಬ್ರಹ್ಮಂ ಗವಿ. ಅಗಸ್ತ್ಯರ ಶಾಪದಿಂದ ಯಾಗಂಟಿಯಲ್ಲಿ ಕಾಗೆ ಸುಳಿಯುವುದಿಲ್ಲ, ಇಲ್ಲಿಯ ಬಸವಣ್ಣ ವರ್ಷವರ್ಷ ಬೆಳೆಯುತ್ತಾನೆ, ಕಲಿಯುಗದ ಕೊನೆಗೆ ಎದ್ದು ರಂಕೆ ಹಾಕುತ್ತಾನೆ ಎಂದು ಭಕ್ತರು ನಂಬುತ್ತಾರೆ. ಈ ಮೆಟ್ಟಿಲುಗಳಲ್ಲಿ ನಮ್ಮ ಕಡೆಯ ಕನ್ನಡ ಮಾತೂ ಆಗಾಗ ಕಿವಿಗೆ ಬೀಳುತ್ತದೆ.

ಬಿಲ್ಲ ಸುರ್ಗಂ: ಮೂಳೆಗಳ ಕಣಜ

ಯಾಗಂಟಿಗೆ ಬಸ್ಸುಗಟ್ಟಲೆ ಜನ ಬರುತ್ತಾರೆ. ಅದೇ ಬೆಟ್ಟಸಾಲಿನಲ್ಲಿ, ಬೇತಂಚರ್ಲದಿಂದ ಕೆಲವೇ ಕಿಲೋಮೀಟರ್ ದೂರದ ಬಿಲ್ಲ ಸುರ್ಗಂ ಗವಿಗಳಿಗೆ ಹೋಗುವವರು ಬಹಳ ಕಡಿಮೆ. ಇಲ್ಲಿ ಚಾವಣಿ ಕುಸಿದು ಆಳವಾದ ಕಂದಕಗಳಾಗಿವೆ. ಅವುಗಳ ಗೋಡೆಗಳಲ್ಲಿ ಗವಿಗಳ ಬಾಯಿ.

ಮದರಾಸು ಸೈನ್ಯದ ಕ್ಯಾಪ್ಟನ್ ನ್ಯೂಬೋಲ್ಡ್ 1844ರಲ್ಲಿ ಈ ಗವಿಗಳಲ್ಲಿ ಪ್ರಾಣಿಗಳ ಮೂಳೆ ಇರುವ ವಿಷಯ ಬರೆದ. ಮುಂದೆ ಸುಮಾರು 40 ವರ್ಷ ಅದನ್ನು ಯಾರೂ ಕೇಳಲಿಲ್ಲ. ಆಮೇಲೆ ಇಂಗ್ಲೆಂಡಿನ ವಿಜ್ಞಾನಿ ಹಕ್ಸ್ಲಿ ಮದರಾಸಿನ ಗವರ್ನರ್ ಗ್ರಾಂಟ್ ಡಫ್‌ನ ಗಮನ ಸೆಳೆದದ್ದರಿಂದ ಕೆಲಸ ಮತ್ತೆ ಶುರುವಾಯಿತು. ಅದಕ್ಕೆ ಬಂದವನು ರಾಬರ್ಟ್ ಬ್ರೂಸ್ ಫೂಟ್. 1863ರಲ್ಲಿ ಮದರಾಸಿನ ಪಲ್ಲಾವರಂನಲ್ಲಿ ಹಳೆಯ ಶಿಲಾಯುಗದ ಕೈಗೊಡಲಿ ಗುರುತಿಸಿದವನು, ಬಳ್ಳಾರಿಯ ಸಂಗನಕಲ್ಲು-ಕಪ್ಪಗಲ್ಲಿನ ನೆಲೆಗಳನ್ನು ಲೋಕಕ್ಕೆ ತಿಳಿಸಿದವನು ಇವನೇ. 1883-84ರಲ್ಲಿ ಫೂಟ್ ಮತ್ತು ಅವನ ಮಗ ಹೆನ್ರಿ ಇಲ್ಲಿ ಅಗೆದರು. ಗವಿಗಳಿಗೆ ‘ಕ್ಯಾಥೆಡ್ರಲ್’, ‘ಚಾಪ್ಟರ್ ಹೌಸ್’, ‘ಪರ್ಗೇಟರಿ’ ಎಂದು ತಮ್ಮ ಚರ್ಚಿನ ಹೆಸರುಗಳನ್ನಿಟ್ಟರು. ಮೂಳೆ ಹೆಚ್ಚು ಸಿಕ್ಕ ಗವಿಗೆ ‘ಚಾರ್ನೆಲ್ ಹೌಸ್’, ಅಂದರೆ ಮೂಳೆಮನೆ!

ಸಿಕ್ಕ ಮೂಳೆಗಳಲ್ಲಿ ಘೇಂಡಾಮೃಗದ ಮೂಳೆಯೂ ಇತ್ತು. ಲಿಡೆಕ್ಕರ್ ಎಂಬ ವಿಜ್ಞಾನಿ 1886ರಲ್ಲಿ ಅದಕ್ಕೆ ಕರ್ನೂಲಿನ ಹೆಸರು ಸೇರಿಸಿ ‘ರೈನೋಸೆರಸ್ ಕರ್ನೂಲಿಯೆನ್ಸಿಸ್’ ಎಂದು ಕರೆದ. ಇದನ್ನು ಹೇಳಿದಾಗ ನಮ್ಮ ತರಗತಿಯ ಹುಡುಗನೊಬ್ಬ, “ಸಾರ್, ಕುಡಿಯೋಕೆ ನಮಗೇ ನೀರಿಲ್ಲ, ಘೇಂಡಾಮೃಗಕ್ಕೆ ಎಲ್ಲಿತ್ತು ಸಾರ್?” ಎಂದು ಕೇಳಿದ. ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. ಇವತ್ತು ಅಸ್ಸಾಮಿನ ಜೌಗುಹುಲ್ಲಿನಲ್ಲಿ ಕಾಣುವ ಪ್ರಾಣಿಯ ಬಳಗ ಒಂದು ಕಾಲದಲ್ಲಿ ನಮ್ಮ ಬರದ ಸೀಮೆಯಲ್ಲಿ ಓಡಾಡಿತ್ತು ಎಂದರೆ, ಈ ನೆಲ ಎಂದೆಂದೂ ಹೀಗೇ ಇರಲಿಲ್ಲ ಎಂದಾಯಿತು.

ಇತ್ತೀಚೆಗೆ ಹೊಸ ತಂಡವೊಂದು ಬಿಲ್ಲ ಸುರ್ಗಂನಲ್ಲಿ ಮತ್ತೆ ಅಗೆದು, 2014ರಲ್ಲಿ ಫಲಿತಾಂಶ ಪ್ರಕಟಿಸಿತು. ಕಳೆದ 2 ಲಕ್ಷ ವರ್ಷಗಳ ಪದರುಗಳಲ್ಲಿ ಗುರುತಿಸಿದ 21 ಬಗೆಯ ಸಸ್ತನಿಗಳಲ್ಲಿ 20 ಬಗೆ ಭಾರತ ಉಪಖಂಡದಲ್ಲಿ ಉಳಿದುಕೊಂಡು ಬಂದಿವೆ ಎಂಬುದು ಅದರ ಸಾರ. ಜಗತ್ತಿನ ಹಲವೆಡೆ ದೊಡ್ಡ ಪ್ರಾಣಿಗಳು ಅಳಿದ ಕಾಲವನ್ನೂ ಇಲ್ಲಿಯವು ದಾಟಿದ್ದವು.

ಮೂಳೆಗಳು ಇಷ್ಟು ಕಾಲ ಉಳಿದದ್ದು ಹೇಗೆ? ಹುಳಿ ಮಣ್ಣಿನಲ್ಲಿ ಮೂಳೆ ಬೇಗ ಸವೆದುಹೋಗುತ್ತದೆ. ಸುಣ್ಣ ತುಂಬಿದ ಗವಿಯ ಮಣ್ಣಿನಲ್ಲಿ ಅದು ಉಳಿಯುತ್ತದೆ. ನೀರು ಬೆಟ್ಟವನ್ನು ಕರಗಿಸಿತು, ಕರಗಿದ ಸುಣ್ಣವೇ ಮೂಳೆಯನ್ನು ಕಾಪಾಡಿತು.

ಬೂದಿಯ ಸಾಲು

ಎನ್‌ಸಿಇಆರ್‌ಟಿಯ ಆರನೆಯ ತರಗತಿಯ ಇತಿಹಾಸ ಪುಸ್ತಕದಲ್ಲಿ ಹಲವು ವರ್ಷ ಒಂದು ಸಣ್ಣ ಮಾತಿತ್ತು: ಕರ್ನೂಲು ಗವಿಗಳಲ್ಲಿ ಬೂದಿ ಸಿಕ್ಕಿದೆ, ಆದ್ದರಿಂದ ಆಗಿನ ಜನರಿಗೆ ಬೆಂಕಿ ಬಳಸುವುದು ಗೊತ್ತಿತ್ತು ಎಂದು. ಪರೀಕ್ಷೆಗೆ ಒಂದು ಅಂಕದ ಪ್ರಶ್ನೆ. ಆ ಗವಿಗಳು ನಮ್ಮ ಕಡೆಯವೇ ಎಂದು ಎಷ್ಟು ಮಕ್ಕಳಿಗೆ ಗೊತ್ತಾಯಿತೋ! ಬೇತಂಚರ್ಲದ ಕಡೆಯ ಒಂದು ಗವಿಯ ಹೆಸರು ಮುಚ್ಚಟ್ಲ ಚಿಂತಮಾನು ಗವಿ. ಚಿಂತಮಾನು ಎಂದರೆ ಹುಣಸೆಮರ. ಗವಿ ಎಂಬುದು ಅವರಿಗೂ ಗವಿ, ನಮಗೂ ಗವಿ. 1970ರ ದಶಕದಲ್ಲಿ ಎಂ.ಎಲ್.ಕೆ. ಮೂರ್ತಿ ಅಲ್ಲಿ ಅಗೆದಾಗ ಕಲ್ಲಿನ ಮತ್ತು ಮೂಳೆಯ ಆಯುಧಗಳ ಜೊತೆ ಒಲೆಯ ಕುರುಹು ಸಿಕ್ಕಿತು. ಅದರ ಕಾಲ ಸುಮಾರು 17,000 ವರ್ಷಗಳ ಹಿಂದೆ ಎಂದು ಲೆಕ್ಕ ಹಾಕಿದ್ದಾರೆ.

ಇದಕ್ಕಿಂತ ಹಳೆಯ ಇನ್ನೊಂದು ಬೂದಿ ಜ್ವಾಲಾಪುರಂನಲ್ಲಿದೆ. ಯಾಗಂಟಿಗೆ ಹತ್ತಿರದ ಜುರ್ರೇರು ಹಳ್ಳದ ಕಣಿವೆಯ ಊರದು. ಇದು ಒಲೆಯ ಬೂದಿಯಲ್ಲ, ಸುಮಾರು 74,000 ವರ್ಷಗಳ ಹಿಂದೆ ಸುಮಾತ್ರಾ ದ್ವೀಪದ ತೋಬಾ ಜ್ವಾಲಾಮುಖಿ ಸಿಡಿದಾಗ ಸಮುದ್ರ ದಾಟಿ ಬಂದು ಬಿದ್ದ ಬೂದಿ. ಗಾಳಿ ಮಳೆಗೆ ತಗ್ಗಿನಲ್ಲಿ ಸೇರಿ ಕೆಲವು ಕಡೆ ಎರಡು ಮೀಟರಿಗೂ ಹೆಚ್ಚು ದಪ್ಪವಾಗಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್, ಮೈಕೆಲ್ ಪೆಟ್ರಾಗ್ಲಿಯಾ ಮೊದಲಾದವರು ಇಲ್ಲಿ ಅಗೆದು 2007ರಲ್ಲಿ ಜಗತ್ತಿಗೆ ತಿಳಿಸಿದ ಸಂಗತಿ ಏನೆಂದರೆ, ಬೂದಿಯ ಕೆಳಗೂ ಕಲ್ಲಿನ ಆಯುಧಗಳಿವೆ, ಮೇಲೂ ಇವೆ. ಅಷ್ಟು ದೊಡ್ಡ ಉತ್ಪಾತದ ಆಚೆಗೂ ಈ ಕಣಿವೆಯಲ್ಲಿ ಮನುಷ್ಯರ ಬಾಳು ಮುಂದುವರಿದಿತ್ತು ಎಂದು ಅವರು ವಾದಿಸಿದರು. ಆ ಜನ ಯಾರು ಎಂಬ ಚರ್ಚೆ ವಿದ್ವಾಂಸರಲ್ಲಿ ಮುಗಿದಿಲ್ಲ. ಅದೇ ಕಣಿವೆಯ ಒಂದು ಬಂಡೆಯಾಸರೆಯಲ್ಲಿ 35,000 ವರ್ಷ ಹಳೆಯ ಚಿಕ್ಕ ಚಿಕ್ಕ ಕಲ್ಲಲಗುಗಳು ಸಿಕ್ಕಿವೆ. ಸುತ್ತಿನ ಬಂಡೆಗಳಲ್ಲಿ ಚಿತ್ರಗಳಿವೆ.

ಈಗ ಉಳಿಸಬೇಕಾದದ್ದು

ಹಳ್ಳಿಯವರು ಆ ಬೂದಿಯನ್ನು ಅಗೆದು ಪಾತ್ರೆ ಉಜ್ಜುವ ಪುಡಿಗೆಂದು ಮಾರಿದ್ದಾರೆ. ಹಾಗೆ ಅಗೆದ ಗುಂಡಿಗಳಿಂದಲೇ ಪದರುಗಳು ಕಣ್ಣಿಗೆ ಬಿದ್ದವು ಎನ್ನುವುದೂ ನಿಜ, ಅಗೆದಷ್ಟೂ ಪುರಾವೆ ಕಡಿಮೆಯಾಗುತ್ತದೆ ಎನ್ನುವುದೂ ನಿಜ. ಬೇತಂಚರ್ಲದ ಕಲ್ಲುಹಾಸಿನ ಮಾತೂ ಇದೇ. ಕಲ್ಲು ತೆಗೆದು, ಪಾಲಿಶ್ ಮಾಡಿ ಬದುಕುವ ಕುಟುಂಬಗಳು ಬಹಳ ಇವೆ. ಅವರ ಅನ್ನಕ್ಕೆ ಕಲ್ಲು ಹಾಕುವ ಮಾತು ನಮ್ಮದಲ್ಲ, ಅದೇ ಕಲ್ಲನ್ನು ನಾವೂ ಮನೆಗೆ ಹಾಕಿಸಿಕೊಂಡವರು. ಕೇಳುವುದು ಇಷ್ಟೇ: ಗಣಿಯ ಗೆರೆ ಹಾಕುವುದಕ್ಕೆ ಮೊದಲು ಗವಿಯ ಗೆರೆ ಹಾಕಬೇಕು. ದೇವಸ್ಥಾನ ಬಿದ್ದರೆ ಇನ್ನೊಂದು ಕಟ್ಟಬಹುದು. ಗವಿಯ ನೆಲದ ಮಣ್ಣು ಒಮ್ಮೆ ತಲೆಕೆಳಗಾದರೆ ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳಬಲ್ಲವರು ಯಾರೂ ಇಲ್ಲ.

ಈ ಸೀಮೆಯಲ್ಲೇ ಕೊಲಿಮಿಗುಂಡ್ಲದ ಹತ್ತಿರ ಬೇಲಂ ಗವಿಗಳಿವೆ. ಅವನ್ನೂ 1884ರಲ್ಲಿ ದಾಖಲಿಸಿದವನು ಫೂಟ್. 1980ರ ದಶಕದಲ್ಲಿ ಜರ್ಮನಿಯ ಗೆಬೌಯರ್ ತಂಡ ಅಳೆದ ಮೇಲೆ, 2002ರಲ್ಲಿ ಪ್ರವಾಸೋದ್ಯಮ ನಿಗಮ ದೀಪ, ಮೆಟ್ಟಿಲು ಹಾಕಿಸಿ ಜನರಿಗೆ ತೆರೆಯಿತು. 3,229 ಮೀಟರ್ ಉದ್ದದ ಆ ಗವಿಯಲ್ಲಿ ಸುಮಾರು ಒಂದೂವರೆ ಕಿಲೋಮೀಟರ್ ನಡೆದು ನೋಡಬಹುದು. ಬಿಲ್ಲ ಸುರ್ಗಂಗೆ ಅಷ್ಟೆಲ್ಲ ಬೇಡ. ದಾರಿಗೊಂದು ಫಲಕ, ಕಾಯಲು ಊರಿನವರೇ ಒಬ್ಬರು, ವರ್ಷಕ್ಕೆ ನಾಲ್ಕು ಶಾಲೆಯ ಮಕ್ಕಳು ಬಂದರೆ ಸಾಕು. ಜನ ಗುರುತಿಸಿದ ಜಾಗ ಸುಲಭವಾಗಿ ಕಳೆದುಹೋಗುವುದಿಲ್ಲ.

ಮೇಷ್ಟ್ರುಗಳೇ, ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗಿ. ಬಿಸಿಲೇರಿದ ಮೇಲೆ ಸುಣ್ಣಕಲ್ಲು ಕಾವಲಿಯಂತೆ ಕಾಯುತ್ತದೆ. ನೀರು ಹೊತ್ತುಕೊಂಡೇ ಹೋಗಬೇಕು. ಕಲ್ಲಿನ ಅಂಚು ಹರಿತ, ಚಪ್ಪಲಿ ಸಾಲದು, ಬೂಟು ಬೇಕು. ಊರಿನವರೊಬ್ಬರು ಜೊತೆಗಿರಲಿ. ಗವಿಯೊಳಗೆ ಬೆಂಕಿ ಹಾಕಬೇಡಿ, ಗೋಡೆಯ ಮೇಲೆ ಹೆಸರು ಕೆತ್ತಬೇಡಿ, ನೆಲ ಕೆದಕಬೇಡಿ. ಮೂಳೆಯ ಚೂರೋ ಕಲ್ಲಿನ ಚಕ್ಕೆಯೋ ಕಂಡರೆ ಇದ್ದಲ್ಲೇ ಬಿಟ್ಟು, ನೋಟ್‌ಬುಕ್ಕಿನಲ್ಲಿ ಅದರ ಚಿತ್ರ ಬರೆಯಲು ಮಕ್ಕಳಿಗೆ ಹೇಳಿ.