ಪಾಠ ಹೇಳಲು ಬಂದ ಟಿವಿ

ಹರಪನಹಳ್ಳಿ ತಾಲ್ಲೂಕಿನ ತೆಲಿಗಿಯಿಂದ ಕೊಟ್ಟೂರು, ಕೂಡ್ಲಿಗಿಯವರೆಗೆ ಯಾವ ಊರಿನ ಕಿರಾಣಿ ಅಂಗಡಿಗೆ ಹೋದರೂ ಬಾಗಿಲಿಗೆ ತೋರಣ ಕಟ್ಟಿದ ಹಾಗೆ ಐದು, ಹತ್ತು ರೂಪಾಯಿಯ ಚಿಪ್ಸ್ ಪಾಕೀಟುಗಳು ತೂಗುತ್ತಿರುತ್ತವೆ. ಇನ್ನೂ ಅಕ್ಷರ ಕಲಿಯದ ಮಗು ಕೂಡ ಹೆಸರು ಹಿಡಿದು ಕೇಳುತ್ತದೆ. ಆ ಹೆಸರುಗಳನ್ನು ಅದಕ್ಕೆ ಕಲಿಸಿದ್ದರಲ್ಲಿ ಟಿವಿಯ ಪಾಲು ದೊಡ್ಡದು.

ಈ ಸೀಮೆಯ ಹತ್ತಿರಕ್ಕೆ ಟಿವಿ ಮೊದಲು ಬಂದದ್ದು ಮೇಷ್ಟರಾಗಿ. ನಾಸಾದಿಂದ ಒಂದು ವರ್ಷಕ್ಕೆ ಎರವಲು ತಂದ ಉಪಗ್ರಹದ ನೆರವಿನಿಂದ 1975ರ ಆಗಸ್ಟ್ 1ರಂದು ‘ಸೈಟ್’ ಎಂಬ ಪ್ರಯೋಗ ಶುರುವಾಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಅದರಲ್ಲಿದ್ದವು. ಕರ್ನಾಟಕದಲ್ಲಿ ಆಯ್ಕೆಯಾದದ್ದು ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳು. ಆಗ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಹರಪನಹಳ್ಳಿಯ ಕಡೆಗೆ ಅದು ಬರಲಿಲ್ಲ, ತುಂಗಭದ್ರೆಯ ಆಚೆ ದಡದಲ್ಲೇ ನಿಂತಿತು. ಅಲ್ಲಿ ಕೋಳಿಗೂಡಿಗೆ ಹೊದಿಸುವಂಥ ತಂತಿಬಲೆಯಿಂದ ಮಾಡಿದ ದೊಡ್ಡ ಆಂಟೆನಾ, ಊರಿಗೆಲ್ಲ ಸೇರಿ ಒಂದೇ ಪೆಟ್ಟಿಗೆ. ಬೆಳಗ್ಗೆ ಶಾಲಾ ಮಕ್ಕಳಿಗೆ ಕಾರ್ಯಕ್ರಮ, ಸಂಜೆ ಬೇಸಾಯ, ಆರೋಗ್ಯ, ಪೌಷ್ಟಿಕ ಆಹಾರದ ಮಾತು.

ಆ ವರ್ಷ ಮುಗಿಯುವ ಮೊದಲೇ, 1976ರ ಜನವರಿ 1ರಿಂದ, ದೂರದರ್ಶನ ಜಾಹೀರಾತು ತೆಗೆದುಕೊಳ್ಳಲು ಆರಂಭಿಸಿತು. 1984ರಲ್ಲಿ ಕುಟುಂಬ ಯೋಜನೆಯಂಥ ಸಂದೇಶಗಳನ್ನು ಕತೆಯಲ್ಲಿ ಬೆರೆಸಿ ಹೇಳಲೆಂದು ‘ಹಮ್ ಲೋಗ್’ ಧಾರಾವಾಹಿ ಬಂತು. ಅದನ್ನು ಪ್ರಾಯೋಜಿಸಿದ್ದು ಹೊಸದಾಗಿ ಮಾರುಕಟ್ಟೆಗೆ ಬಂದಿದ್ದ ಮ್ಯಾಗಿ ನೂಡಲ್ಸ್. ಪಾಠವೂ ಮಾರಾಟವೂ ಒಂದೇ ಗಾಡಿ ಹತ್ತಿದವು. 1994ರಲ್ಲಿ ಉದಯ ಟಿವಿ ಬಂದ ಮೇಲೆ ಕನ್ನಡದ ಮನೆಗಳಲ್ಲಿ ಆ ಗಾಡಿಯ ಓಟ ಜೋರಾಯಿತು.

ಕಾನೂನು ಸುಮ್ಮನೆ ಕೂತಿರಲಿಲ್ಲ. ಮಕ್ಕಳಲ್ಲಿ ಅನಾರೋಗ್ಯಕರ ರೂಢಿಗಳ ಬಗ್ಗೆ ಆಸಕ್ತಿ ಹುಟ್ಟಿಸುವ ಜಾಹೀರಾತು ಸಲ್ಲದೆಂದು 1994ರ ಕೇಬಲ್ ಟಿವಿ ನಿಯಮಗಳೇ ಹೇಳಿದವು. ಆದರೆ ಚಿಪ್ಸ್ ತಿನ್ನುವುದು ‘ಅನಾರೋಗ್ಯಕರ ರೂಢಿ’ ಹೌದೋ ಅಲ್ಲವೋ ಎಂದು ಅಲ್ಲಿ ಬಿಡಿಸಿ ಬರೆದಿರಲಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ಹೊರಡಿಸಿದ ನಿಯಮಗಳು ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸುಗಳ ಮಾರಾಟ ಮತ್ತು ಜಾಹೀರಾತನ್ನು ಶಾಲೆಯ ಸುತ್ತ 50 ಮೀಟರ್ ಆಚೆಗೆ ಅಟ್ಟಿದವು. ಟಿವಿಯ ಮಾತು ನೇರವಾಗಿ ಬಂದದ್ದು 2022ರ ಜೂನ್‌ನಲ್ಲಿ. ಚಿಪ್ಸ್, ಗ್ಯಾಸ್ ತುಂಬಿದ ತಂಪು ಪಾನೀಯಗಳಂಥ ಜಂಕ್ ಫುಡ್ ಜಾಹೀರಾತನ್ನು ಮಕ್ಕಳ ಕಾರ್ಯಕ್ರಮದ ನಡುವೆ ಅಥವಾ ಮಕ್ಕಳಿಗೆಂದೇ ಇರುವ ವಾಹಿನಿಯಲ್ಲಿ ತೋರಿಸಕೂಡದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ ಹೇಳಿತು. ಮಕ್ಕಳು ತಿನ್ನುತ್ತಿರುವ ಸಹಜ, ಸಾಂಪ್ರದಾಯಿಕ ಆಹಾರಕ್ಕಿಂತ ತಮ್ಮ ಸರಕೇ ಮೇಲೆಂಬ ಭಾವನೆ ಹುಟ್ಟಿಸಬಾರದೆಂದೂ ಅದರಲ್ಲಿದೆ. ಜೋಳದ ರೊಟ್ಟಿ, ಶೇಂಗಾ ಉಂಡೆ, ಒಗ್ಗರಣೆ ಮಂಡಕ್ಕಿ ತಿಂದು ಬೆಳೆಯುವ ಸೀಮೆಗೆ ಇದು ಸಣ್ಣ ಮಾತಲ್ಲ.

ತೊಡಕಿರುವುದು ‘ಮಕ್ಕಳ ಕಾರ್ಯಕ್ರಮ’ ಎಂಬ ಎರಡು ಪದಗಳಲ್ಲಿ. ಒಂದೇ ಟಿವಿ ಇರುವ ಮನೆಯಲ್ಲಿ ಮಗು ಸಂಜೆ ಅಜ್ಜಿಯ ಜೊತೆ ಧಾರಾವಾಹಿ ನೋಡುತ್ತದೆ, ಅಪ್ಪ, ಕಾಕಾನ ಜೊತೆ ಕ್ರಿಕೆಟ್ ನೋಡುತ್ತದೆ. ಕಾನೂನಿನ ಕಣ್ಣಿಗೆ ಅವು ಮಕ್ಕಳ ಕಾರ್ಯಕ್ರಮಗಳಲ್ಲ. ಕಾರ್ಟೂನಿನ ನಡುವೆ ನಿಷಿದ್ಧವಾದದ್ದು ಅಜ್ಜಿಯ ಧಾರಾವಾಹಿಯ ನಡುವೆ ಸಲೀಸಾಗಿ ಬರುತ್ತದೆ.

ಬ್ರಿಟನ್ ಇದೇ ತೊಡಕನ್ನು ಎದುರಿಸಿತು. 2007ರಲ್ಲಿ ಅದು ಕೂಡ ಮಕ್ಕಳನ್ನು ಸೆಳೆಯುವ ಕಾರ್ಯಕ್ರಮಗಳಿಗಷ್ಟೇ ಬೇಲಿ ಹಾಕಿತ್ತು. ಮಕ್ಕಳು ಮನೆಮಂದಿಯ ಜೊತೆ ಕೂತು ನೋಡುವ ಹೊತ್ತು ಬೇಲಿಯ ಹೊರಗೇ ಉಳಿಯಿತು. ಕೊನೆಗೆ 2026ರ ಜನವರಿಯಿಂದ ಇಂಥ ಜಾಹೀರಾತು ರಾತ್ರಿ ಒಂಬತ್ತಕ್ಕೆ ಮೊದಲು ಟಿವಿಯಲ್ಲಿ ಬರಬಾರದೆಂದು ಗಡಿಯಾರ ನೋಡಿ ಗೆರೆ ಎಳೆಯಿತು. ಕೆನಡಾದ ಕ್ವಿಬೆಕ್ ಪ್ರಾಂತ್ಯವಂತೂ ಹದಿಮೂರು ವರ್ಷದೊಳಗಿನವರನ್ನು ಗುರಿಯಾಗಿಸುವ ವ್ಯಾಪಾರಿ ಜಾಹೀರಾತನ್ನೇ 1980ರಿಂದ ತಡೆದಿದೆ.

ನಮ್ಮ ಮಾರ್ಗಸೂಚಿಯೂ ಕಾರ್ಯಕ್ರಮದ ಹಣೆಪಟ್ಟಿಯನ್ನು ಬಿಟ್ಟು, ಮಗು ಟಿವಿಯ ಮುಂದೆ ಕೂರುವ ಹೊತ್ತನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿದೆ. ಸೈಟ್ ನಡೆಸಿದವರು ಹಳ್ಳಿಯ ಮಗು ಯಾವ ಹೊತ್ತಿಗೆ ನೋಡುತ್ತದೆ, ಅದಕ್ಕೆ ಏನು ತೋರಿಸಬೇಕು ಎಂದು ಯೋಚಿಸಿಯೇ ಬೆಳಗಿನ ಪಾಠ ಇಟ್ಟಿದ್ದರು. ಮಗು ಟಿವಿ ನೋಡಿ ಕಲಿಯುತ್ತದೆ ಎಂಬುದು ಸರ್ಕಾರಕ್ಕೆ 1975ರಲ್ಲೇ ಗೊತ್ತಿತ್ತು.